ಚಪ್ಪಟೆಯಾದದ್ದನ್ನು ಮಾತ್ರ ಕಳಿಸಬಹುದು

ಅಂಟ್ಸಿರಾಬೆಯಲ್ಲಿ ಜೂನ್ ಎಂದರೆ ಚಳಿ.
ಗದ್ದೆಯ ಕೂಳೆಯ ಮೇಲೆ ಬಿಳಿಯ ಹಿಮದ ಪೊರೆ,
ಕೈಗಾಡಿ ಎಳೆಯುವವರು ಬರಿಗಾಲಲ್ಲಿ ಓಡುತ್ತಾ
ಬಾಯಿಂದ ಹಬೆ ಬಿಡುತ್ತಾರೆ.
ನಾನು ಕಚೇರಿಯ ಬೀಗ ತೆಗೆದು
ಮಕ್ಕಳ ಕಾಗದಗಳನ್ನು ಮೇಜಿಗೆ ಸುರಿಯುತ್ತೇನೆ.
ಮಲಗಾಸಿಯಿಂದ ನಾರ್ವೆಯ ಮಾತಿಗೆ,
ಕಾಗದಕ್ಕೆ ಇಷ್ಟು ಎಂದು ಕೂಲಿ.

ಇಪ್ಪತ್ತು ವರ್ಷದಲ್ಲಿ ಕಲಿತೆ,
'ಚೆನ್ನಾಗಿದ್ದೇನೆ' ಎಂಬುದನ್ನು ಹದಿನಾಲ್ಕು ಥರ ಬರೆಯಬಹುದು.
ಹಸಿವು ಪುಟಕ್ಕೆ ಒಂದೇ ಸಲ.
ಹಂದಿ ಸತ್ತರೆ ಬರೆಯಕೂಡದು,
ಇನ್ನೊಂದು ಹಂದಿ ಕೇಳಿದಂತಾಗುತ್ತದೆ
ಎಂದು ಮೇಲಿನಿಂದ ಸುತ್ತೋಲೆ.
ಉಡುಗೊರೆ ಬೇಡ. ತೀರಾ ಬೇಕೆಂದರೆ
ಲಕೋಟೆಯೊಳಗೆ ಚಪ್ಪಟೆಯಾದದ್ದನ್ನು ಮಾತ್ರ.

ವುಲಾನಿರಿನಾಳಿಗೆ ಹತ್ತು ವರ್ಷ.
ಅವಳ ಫೀಸು, ಮಧ್ಯಾಹ್ನದ ಅನ್ನ, ಕೆಮ್ಮಿನ ಔಷಧಿ
ಎಲ್ಲ ಕಡಲಾಚೆಯ ಗುಡ್‌ವೈಗ್ ಎಂಬ ಮುದುಕಿಯದು.
ಆಕೆಯ ಕಾಗದದಲ್ಲಿ ದೇವರಿಲ್ಲ, ಆಶೀರ್ವಾದವಿಲ್ಲ.
ಮಂಡಿನೋವು, ದೋಣಿಗೆ ಬಳಿದ ಬಣ್ಣ,
ಮೀನು ಕದ್ದ ಬೆಕ್ಕಿನ ಮೇಲೆ ಒಂದಿಡೀ ಪುಟ.
ಒಮ್ಮೆ ಬರೆದಿದ್ದಳು:
'ನನಗೆ ಮಕ್ಕಳಿಲ್ಲ,
ಹಾಗಂತ ನೀನು ನನ್ನ ಮಗಳಾಗಬೇಕಿಲ್ಲ.
ಮಗ್ಗಿ ಕಲಿ, ಸಾಕು.
ಏಳರದ್ದು ನನಗೂ ಕೊನೆತನಕ ಬರಲಿಲ್ಲ.'

ಈ ಸಲ ಬಂದದ್ದು ಟೈಪು ಮಾಡಿದ ಹಾಳೆ.
ಅಕ್ಟೋಬರಿನಲ್ಲಿ ತೀರಿಕೊಂಡರು.
ಬ್ಯಾಂಕಿಗೆ ಯಾರೂ ಹೇಳಿರಲಿಲ್ಲ,
ಎಂಟು ತಿಂಗಳಿಂದ ಐದನೇ ತಾರೀಕು
ದುಡ್ಡು ತನ್ನಷ್ಟಕ್ಕೆ ಬರುತ್ತಲೇ ಇದೆ.
ದಯವಿಟ್ಟು ಮಗುವಿಗೆ ತಿಳಿಸುವುದು.

ಹೋದೆ.
ಅಜ್ಜಿ ರಝಾಫಿಂಡ್ರವಾವು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು.
ಅಳುತ್ತಾರೆ ಎಂದುಕೊಂಡು
ಸಮಾಧಾನದ ಮಾತು ದಾರಿಯಲ್ಲೇ ಹೊಂದಿಸಿಕೊಂಡಿದ್ದೆ.
ಅವಳು ತಲೆ ಎತ್ತಲಿಲ್ಲ.
'ಸತ್ತ ಮೇಲೂ ಕಳಿಸುತ್ತಿದ್ದಾಳೆ, ಅಲ್ಲವಾ?'
ಅದು ಬ್ಯಾಂಕು, ಅಜ್ಜಿ...
'ಸತ್ತವರಲ್ಲದೆ
ಇದ್ದವರನ್ನು ಇನ್ಯಾರು ನೋಡಿಕೊಳ್ಳುತ್ತಾರೆ?'
ಎದ್ದು, ಹಿರಿಯರ ಈಶಾನ್ಯ ಮೂಲೆಗೆ
ಎರಡು ಹನಿ ರಮ್ ಚೆಲ್ಲಿದಳು.

ಆಮೇಲೆ ಕೇಳಿದಳು:
'ಅವಳನ್ನು ಗೋರಿಯಿಂದ ಯಾವಾಗ ಎತ್ತುತ್ತಾರೆ?
ಹೊದಿಕೆ ಯಾರು ಬದಲಿಸುತ್ತಾರೆ?'
ಅಲ್ಲಿ ಆ ಪದ್ಧತಿಯಿಲ್ಲ ಎಂದೆ.
ಒಮ್ಮೆ ಹೂತರೆ ಮುಗಿಯಿತು.
'ಹಿಮ ಬೀಳುವ ದೇಶ ಅಂದೆಯಲ್ಲ.'
ಹೌದು.
'ಅಯ್ಯೋ' ಎಂದಳು. ಅಳು ಬಂದದ್ದು ಆಗ.

ತನಗೆಂದು ಎತ್ತಿಟ್ಟಿದ್ದ ಕಾಡುರೇಷ್ಮೆಯ ಹೊದಿಕೆ,
ಪೆಟ್ಟಿಗೆಯ ತಳದಿಂದ ತೆಗೆದು
ಅಂಚಿನಿಂದ ಅಂಗೈಯಗಲ ಕತ್ತರಿಸಿದಳು.
ಮಗ ದಿನವಿಡೀ ಗಾಡಿ ಎಳೆದರೂ
ಅಷ್ಟು ಬಟ್ಟೆಯ ದಾಮು ಹುಟ್ಟುವುದಿಲ್ಲ.
ಗೋಡೆಗೊತ್ತಿ ಅಂಗೈಯಲ್ಲಿ ಸವರಿ ನನ್ನ ಕೈಗಿಟ್ಟಳು:
'ನೋಡು, ಚಪ್ಪಟೆಯಾಗಿದೆ.'

ಹುಡುಗಿ ಕಾಗದ ಬರೆದಳು.
ನಮಸ್ಕಾರವಿಲ್ಲ, 'ಚೆನ್ನಾಗಿದ್ದೇನೆ' ಇಲ್ಲ.
ಏಳರ ಮಗ್ಗಿ, ಒಂದರಿಂದ ಹನ್ನೆರಡರವರೆಗೆ.
ಅಂಕಿಗಳಿಗೆ ಅನುವಾದ ಬೇಕಿಲ್ಲ,
ಅದಕ್ಕೆ ಕೂಲಿ ಬರೆದುಕೊಳ್ಳಲಿಲ್ಲ.
ಏಳೆಂಟ್ಲ ಐವತ್ತನಾಲ್ಕು ಎಂದಿತ್ತು.
ಪೆನ್ನು ಎತ್ತಿದೆ, ಇಟ್ಟೆ.
ಹಳೆಯ ವಿಳಾಸಕ್ಕೇ ಅಂಚೆಗೆ ಹಾಕಿದೆ.
ಈಗ ಆ ಮನೆಯ ಬಾಗಿಲು ಯಾರು ತೆಗೆಯುತ್ತಾರೋ,
ಬೆಕ್ಕು ಯಾರ ಪಾಲಿಗೆ ಹೋಯಿತೋ.

ಜುಲೈ ಐದರಂದು ದುಡ್ಡು ಬರಲಿಲ್ಲ.
ಹೆಸರು ಮತ್ತೆ ಕಾಯುವವರ ಪಟ್ಟಿಗೆ,
ಪಟ್ಟಿಗೆ ಹೊಸ ಫೋಟೊ ಬೇಕು.
ಕಚೇರಿಯ ನೀಲಿ ಗೋಡೆಗೆ ನಿಲ್ಲಿಸಿ
ಸ್ವಲ್ಪ ನಗು, ಎಂದೆ.
ಮೂರು ಸಲ ತೆಗೆದೆ.
ಮೂರರಲ್ಲೂ ಮುಖ ಸರಿಯಾಗಿದೆ,
ಬಾಯಿ ಮಾತ್ರ ಮಸುಕು:
ಸುಮ್ಮನೆ ನಿಲ್ಲುತ್ತಿಲ್ಲ ತುಟಿ,
ಏಳೆಂಟ್ಲ, ಏಳೆಂಟ್ಲ...